ಇಡಗಂಟೋ, ತಿಂಗಳ ಪಿಂಚಣಿಯೋ?

ದುಡಿಯುವ ಕಾಲದಲ್ಲಿ ಉಳಿಸುವುದು ಕಷ್ಟ. ಉಳಿಸಿದ್ದನ್ನು ದುಡಿಮೆ ನಿಂತ ಮೇಲೆ ಕೊನೆಯ ತನಕ ಸಾಲುವಂತೆ ಖರ್ಚು ಮಾಡುವುದು ಅದಕ್ಕಿಂತಲೂ ಕಷ್ಟ. ಮೊದಲನೆಯದಕ್ಕೆ ಮಿತವ್ಯಯವಿದ್ದರೆ ಸಾಕು. ಎರಡನೆಯದಕ್ಕೆ ತಾನು ಇನ್ನೆಷ್ಟು ವರ್ಷ ಬದುಕುವೆನೆಂದು ತಿಳಿದಿರಬೇಕು. ಅದು ಯಾರಿಗೂ ತಿಳಿಯದು. ಈ ಲೆಕ್ಕವನ್ನು ನಿವೃತ್ತರ ಕೈಗೇ ಬಿಟ್ಟುಕೊಟ್ಟ ದೇಶ ಬ್ರಿಟನ್. 2015ರ ಎಪ್ರಿಲ್ 6ರಂದು ಅಲ್ಲಿ ಜಾರಿಗೆ ಬಂದ ವ್ಯವಸ್ಥೆಗೆ 'ಪಿಂಚಣಿ ಸ್ವಾತಂತ್ರ್ಯ' ಎಂದೇ ಹೆಸರು. ಅಲ್ಲಿನವರ ಅನುಭವದಿಂದ ನಾವು ಕಲಿಯಬೇಕಾದುದಿದೆ.

ನೌಕರನೂ ಮಾಲಕನೂ ತಿಂಗಳು ತಿಂಗಳು ಕಟ್ಟಿದ ಹಣ ನಿವೃತ್ತಿಯ ಹೊತ್ತಿಗೆ ಒಂದು ಗಂಟಾಗುತ್ತದೆ. ಹಿಂದೆ ಬ್ರಿಟನ್ನಿನ ಹೆಚ್ಚಿನವರು ಈ ಗಂಟಿನ ಕಾಲು ಪಾಲನ್ನು ತೆರಿಗೆಯಿಲ್ಲದೆ ಪಡೆದು, ಉಳಿದುದನ್ನು ವಿಮಾ ಕಂಪೆನಿಗೆ ಒಪ್ಪಿಸಿ ವರ್ಷಾಶನ ಕೊಳ್ಳುತ್ತಿದ್ದರು. ಕೊಂಡವನು ಬದುಕಿರುವಷ್ಟು ಕಾಲವೂ ಕಂಪೆನಿ ಹಣ ಕೊಡಬೇಕು. ಆತ ಬೇಗ ತೀರಿಕೊಂಡರೆ ಕಂಪೆನಿಗೆ ಲಾಭ, ನೂರು ವರ್ಷ ಬದುಕಿದರೆ ನಷ್ಟ. ಆಯುಸ್ಸಿನ ಲೆಕ್ಕ ಕಂಪೆನಿಯ ತಲೆಯ ಮೇಲಿತ್ತು. ಆದರೆ 2008ರ ಆರ್ಥಿಕ ಕುಸಿತದ ಬಳಿಕ ಬಡ್ಡಿ ದರ ಇಳಿಯಿತು. ಹೊಸದಾಗಿ ಕೊಳ್ಳುವವರಿಗೆ ಸಿಗುವ ವರ್ಷಾಶನವೂ ಕುಗ್ಗಿತು. ಜೀವಮಾನವಿಡೀ ಕೂಡಿಟ್ಟದ್ದಕ್ಕೆ ಇಷ್ಟೇ ಪ್ರತಿಫಲವೇ ಎಂಬ ಅಸಮಾಧಾನ ಬೆಳೆಯಿತು.

2014ರ ಮಾರ್ಚ್ ತಿಂಗಳ ಬಜೆಟಿನಲ್ಲಿ ಹಣಕಾಸು ಸಚಿವ ಜಾರ್ಜ್ ಓಸ್ಬೋರ್ನ್, ಇನ್ನು ಮುಂದೆ ಯಾರೂ ವರ್ಷಾಶನ ಕೊಳ್ಳಲೇಬೇಕೆಂದಿಲ್ಲ ಎಂದು ಸಾರಿದರು. 55 ವರ್ಷ ತುಂಬಿದವರು ಗಂಟನ್ನು ಪೂರ್ತಿಯಾಗಿ ತೆಗೆಯಬಹುದು; ಬೇಕಾದಾಗ ಬೇಕಾದಷ್ಟೇ ತೆಗೆಯಬಹುದು; ಹೂಡಿಕೆಯಲ್ಲಿ ಬಿಟ್ಟು ಅದರಿಂದ ಆದಾಯ ಪಡೆಯಬಹುದು; ಮೊದಲಿನಂತೆ ವರ್ಷಾಶನವನ್ನೂ ಕೊಳ್ಳಬಹುದು. (ಈ ವಯೋಮಿತಿ 2028ರ ಎಪ್ರಿಲಿನಲ್ಲಿ 57ಕ್ಕೆ ಏರಲಿದೆ.) ಜನರು ಹಣವನ್ನೆಲ್ಲ ಐಷಾರಾಮಿ ಕಾರಿಗೆ ಸುರಿದರೇನು ಗತಿ ಎಂಬ ಪ್ರಶ್ನೆಗೆ, ಅದು ಅವರವರ ಆಯ್ಕೆ ಎಂಬರ್ಥದ ಉತ್ತರವನ್ನು ಪಿಂಚಣಿ ಸಚಿವ ಸ್ಟೀವ್ ವೆಬ್ ಕೊಟ್ಟರು.

ತಮ್ಮ ಹಣ ತಮ್ಮ ಕೈಗೆ ಬಂತೆಂದು ಜನ ಸಂತೋಷಪಟ್ಟುದು ಸಹಜವೇ. ಆದರೆ ಹಣದೊಡನೆ ಆಯುಸ್ಸಿನ ಲೆಕ್ಕವೂ ಅವರ ತಲೆಯ ಮೇಲೆ ಬಂದು ಕುಳಿತಿತು. ತೆರಿಗೆಯ ಲೆಕ್ಕ ಬೇರೆ. ಒಂದು ಲಕ್ಷ ಪೌಂಡಿನ ಗಂಟನ್ನು ಒಮ್ಮೆಗೇ ತೆಗೆದವನಿಗೆ 25 ಸಾವಿರಕ್ಕೆ ಮಾತ್ರ ತೆರಿಗೆಯಿಲ್ಲ. ಮಿಕ್ಕ 75 ಸಾವಿರವೂ ಆ ಒಂದೇ ವರ್ಷದ ಆದಾಯವೆಂದು ಎಣಿಸಲ್ಪಟ್ಟು, ಅದರ ಒಂದಂಶಕ್ಕೆ ಶೇಕಡಾ 40ರ ದರ ತಗಲುತ್ತದೆ. ಅದನ್ನೇ ಹಲವು ವರ್ಷಗಳಿಗೆ ಹಂಚಿ ತೆಗೆದರೆ ತೆರಿಗೆ ಎಷ್ಟೋ ಕಡಿಮೆ.

ಈ ಸ್ವಾತಂತ್ರ್ಯದ ಕಹಿಯನ್ನು ಹೆಚ್ಚಾಗಿ ಉಂಡವರು ಉಕ್ಕಿನ ಕಾರ್ಖಾನೆಯ ಕಾರ್ಮಿಕರು. 2017ರಲ್ಲಿ ಬ್ರಿಟಿಷ್ ಸ್ಟೀಲ್ ಪಿಂಚಣಿ ನಿಧಿಯನ್ನು ಟಾಟಾ ಸ್ಟೀಲಿನ ಬ್ರಿಟನ್ ಶಾಖೆಯಿಂದ ಬೇರ್ಪಡಿಸಲಾಯಿತು. ಜೀವಮಾನವಿಡೀ ನಿಶ್ಚಿತ ಪಿಂಚಣಿಗೆ ಹಕ್ಕುಳ್ಳ ಕಾರ್ಮಿಕರು ಕೆಲವೇ ವಾರಗಳಲ್ಲಿ ತಮ್ಮ ದಾರಿ ಆರಿಸಬೇಕಾಯಿತು. ವೇಲ್ಸಿನ ಪೋರ್ಟ್ ಟಾಲ್ಬಟ್‌ನಂಥ ಉಕ್ಕಿನ ಊರುಗಳಿಗೆ ಸಲಹೆಗಾರರು ಧಾವಿಸಿದರು. ಕಾರ್ಮಿಕನು ನಿಧಿ ಬಿಟ್ಟು ಹೊರಬಂದರೆ ಮಾತ್ರ ಶುಲ್ಕ ಸಿಗುವಂತಿದ್ದ ಸಲಹೆಗಾರ 'ಅಲ್ಲೇ ಇರಿ' ಎಂದು ಹೇಳುವುದುಂಟೇ? ಸುಮಾರು 7,800 ಮಂದಿ ನಿಶ್ಚಿತ ಪಿಂಚಣಿ ಬಿಟ್ಟು ಇಡಗಂಟು ಪಡೆದು ಹೂಡಿಕೆಗೆ ಇಳಿದರು. ಪರಿಶೀಲಿಸಿದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಲಹೆಗಳು ತಕ್ಕವಲ್ಲವೆಂದು ಅಲ್ಲಿನ ನಿಯಂತ್ರಣ ಸಂಸ್ಥೆಯೇ ಕಂಡುಕೊಂಡಿತು. ಅಂಥ ಶುಲ್ಕ ಪದ್ಧತಿಗೆ 2020ರಲ್ಲಿ ಬಹುಮಟ್ಟಿಗೆ ನಿಷೇಧ ಬಂತು. ಪರಿಹಾರದ ಯೋಜನೆ 2023ರಲ್ಲಿ ಬಂತು. ಬಿಟ್ಟ ಪಿಂಚಣಿ ಮಾತ್ರ ಮರಳಿ ಬರುವಂತಿರಲಿಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಇಲ್ಲಿ ಬ್ರಿಟನ್ನಿನಷ್ಟು ಬಿಡುಗಡೆಯಿಲ್ಲ. ಆದರೂ ಇಡಗಂಟೋ ತಿಂಗಳ ಹಣವೋ ಎಂಬ ಪ್ರಶ್ನೆ ನಮ್ಮ ನಿವೃತ್ತರ ಮನೆಗಳಲ್ಲೂ ಇದೆ. 2013ರ ಎಪ್ರಿಲಿಗೆ ಮೊದಲು ಕೇರಳ ಸರಕಾರದ ಸೇವೆಗೆ ಸೇರಿದ ಶಿಕ್ಷಕರು 56ರಲ್ಲಿ ನಿವೃತ್ತರಾಗುವಾಗ, ಪಿಂಚಣಿಯ ಶೇಕಡಾ 40ರ ತನಕ ಕಮ್ಯುಟೇಶನ್ ಮಾಡಿಸಿಕೊಳ್ಳಬಹುದು. ಮೂಲ ಪಿಂಚಣಿ 30,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳ 12,000 ಬಿಟ್ಟುಕೊಟ್ಟರೆ, ವರ್ಷದ 1,44,000ವನ್ನು 11.10ರಿಂದ ಗುಣಿಸಿ 15,98,400 ರೂಪಾಯಿ ಒಮ್ಮೆಗೇ ಸಿಗುತ್ತದೆ. ಬಿಟ್ಟ ಭಾಗ ಮರಳಿ ಸೇರುವುದು 12 ವರ್ಷಗಳ ಬಳಿಕ. ಅಷ್ಟರಲ್ಲಿ ಬಿಟ್ಟುಕೊಟ್ಟದ್ದು 17,28,000. ವ್ಯತ್ಯಾಸ 1,29,600. ಮನೆ ಕಟ್ಟಿದ ಸಾಲವನ್ನು ಹೆಚ್ಚಿನ ಬಡ್ಡಿಗೆ ಹೊತ್ತವರಿಗೆ ಇದು ಅಗ್ಗದ ಹಣವೇ ಸರಿ. ಆದರೆ ಆ ಹಣ ಯಾರೋ ಹೇಳಿದ ಚಿಟ್ಟಿಗೋ, ಎರಡೇ ವರ್ಷದಲ್ಲಿ ಇಮ್ಮಡಿ ಮಾಡುವೆವೆಂದು ಮನೆ ಬಾಗಿಲಿಗೆ ಬಂದವರ ಕೈಗೋ ಹೋಗುವುದಾದರೆ, ಹನ್ನೆರಡು ವರ್ಷ ತಿಂಗಳ ಖರ್ಚಿಗೆ ಕೈ ಬಿಗಿಹಿಡಿಯಬೇಕಾದವರು ಮನೆಮಂದಿ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದರು ಹಿರಿಯರು. ನಿವೃತ್ತನಾದವನಿಗೆ ಕೂತು ಉಣ್ಣದೆ ಗತಿಯಿಲ್ಲ. ಆದುದರಿಂದ ಕುಡಿಕೆಯಿಂದ ತೆಗೆಯುವ ಕೈಗೆ ಲೆಕ್ಕ ಗೊತ್ತಿರಬೇಕು. ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಈ ಹಣ ಯಾವ ಖರ್ಚಿಗೆ? ಅದು ಮುಗಿದ ಮೇಲೆ ತಿಂಗಳಿಗೆ ಎಷ್ಟು ಉಳಿಯುತ್ತದೆ? ನಾನಿಲ್ಲದ ಮೇಲೆ ಸಂಗಾತಿಗೆ ಏನು ಸಿಗುತ್ತದೆ? ಸಲಹೆ ಕೊಡುವವನಿಗೆ ಇದರಿಂದ ಸಿಗುವುದೇನು?

ಪೋರ್ಟ್ ಟಾಲ್ಬಟ್‌ನವರ ಮುಂದಿದ್ದ ಕಾಗದಗಳು ಅವರು ಬಲ್ಲ ಇಂಗ್ಲಿಷಿನಲ್ಲೇ ಇದ್ದವು, ಆದರೂ ಏಮಾರಿದರು. ನಮ್ಮಲ್ಲಿ ಎಷ್ಟೋ ಮಂದಿ ಹಿರಿಯರ ಮುಂದೆ ಬರುವ ನಮೂನೆ ಮಲಯಾಳದ್ದು, ಇಲ್ಲವೇ ಇಂಗ್ಲಿಷಿನದು. 'ಇಲ್ಲಿ ಒಂದು ಸಹಿ ಹಾಕಿ' ಎಂದವರ ಮಾತನ್ನು ನಂಬಿ ಬೆರಳು ಮುಂದೊಡ್ಡಬೇಕಾಗಿಲ್ಲ. ಓದಲಾಗದ ಕಾಗದವನ್ನು ಮನೆಗೆ ತಂದು, ಬಲ್ಲವರಿಂದ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳಿ. ಹೆಂಡತಿ ಮಕ್ಕಳೂ ಅದನ್ನು ಕೇಳಲಿ. ಅದಕ್ಕೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ. ಮೂವತ್ತು ವರ್ಷ ದುಡಿದು ಗಳಿಸಿದ್ದಕ್ಕೆ ಒಂದು ವಾರದ ವಿಚಾರ ಹೆಚ್ಚೇನಲ್ಲ.