ಬೇಡವಾದ ಯುದ್ಧದಿಂದ ಮರಳಿದವರು

ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯಲ್ಲಿ ಕೊಯಿರ ಎಂಬ ಊರಿದೆ. ಕಲ್ಲಿಗೆ ಹೆಸರಾದ ಊರು. ಅಲ್ಲಿಂದ ತೆಗೆದ ಒಂದೇ ಬಂಡೆ ಇಂದು ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ‘ವೀರಗಲ್ಲು’ ಎಂಬ ಹೆಸರಿನಲ್ಲಿ ನಿಂತಿದೆ. ಎತ್ತರ ಸುಮಾರು 75 ಅಡಿ, ತೂಕ ಸುಮಾರು 450 ಟನ್. ಸ್ವಾತಂತ್ರ್ಯಾನಂತರ ದೇಶಕ್ಕಾಗಿ ಮಡಿದ ಯೋಧರ ಹೆಸರುಗಳನ್ನು ಆ ಸ್ಮಾರಕದಲ್ಲಿ ಕಲ್ಲಿನ ಮೇಲೆ ಕೆತ್ತಲಾಗಿದೆ.

ಹಾಗೆ ಮಡಿದವರಲ್ಲಿ ಒಂದು ಗುಂಪನ್ನು ನಾವು ಬಹುಕಾಲ ನೆನೆಯಲೇ ಇಲ್ಲ. ಅವರು 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆಯವರು.

1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ತಮಿಳು ಉಗ್ರಗಾಮಿಗಳು ಶಸ್ತ್ರ ಒಪ್ಪಿಸಬೇಕು, ಶಾಂತಿಯನ್ನು ಭಾರತದ ಸೇನೆ ಕಾಯಬೇಕು ಎಂಬುದು ಏರ್ಪಾಟು. ಆದರೆ ಅಕ್ಟೋಬರ್ ಹೊತ್ತಿಗೆ ಕಾವಲಿಗೆ ಹೋದ ಪಡೆಯೇ ಎಲ್‌.ಟಿ.ಟಿ.ಇ.ಯೊಡನೆ ಕಾದಾಟಕ್ಕಿಳಿಯಿತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ರಾತ್ರಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲಘು ಪದಾತಿದಳದ 30 ಮಂದಿಯಲ್ಲಿ 29 ಮಂದಿ ಸತ್ತರು.

ನವೆಂಬರ್ 25ರಂದು ಮಹಾರ್ ರೆಜಿಮೆಂಟಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ತುಕಡಿ ಶೋಧನೆ ಮುಗಿಸಿ ಹಿಂದಿರುಗುವಾಗ ಹೊಂಚುದಾಳಿಗೆ ಸಿಕ್ಕಿತು. ಎದೆಗೆ ಗುಂಡು ತಗುಲಿದರೂ ಅವರು ಎದುರಾಳಿಯ ಕೈಯಿಂದ ಬಂದೂಕು ಕಿತ್ತುಕೊಂಡು ಅವನನ್ನು ಕೊಂದರು. ಉಸಿರಿರುವವರೆಗೂ ತಮ್ಮವರಿಗೆ ಆದೇಶ ಕೊಡುತ್ತಲೇ ಇದ್ದರು. ಈ ಕಾರ್ಯಾಚರಣೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ, ಅದೂ ಮರಣೋತ್ತರವಾಗಿ.

ಇಷ್ಟಾದರೂ ಈ ಯುದ್ಧ ಯಾರಿಗೂ ಬೇಡವಾಯಿತು, ಏಕೆ? ತಮಿಳುನಾಡಿನಲ್ಲಿ ಅನೇಕರಿಗೆ ಇದು ತಮಿಳರ ಮೇಲಿನ ದಾಳಿಯಾಗಿ ಕಂಡಿತು. ಸಿಂಹಳೀಯರಿಗೆ ಅನ್ಯದೇಶದ ಸೇನೆ ತಮ್ಮ ನೆಲದಲ್ಲಿರುವುದೇ ಅವಮಾನವಾಗಿತ್ತು. ಮುಂದೆ ಅಧ್ಯಕ್ಷ ಪ್ರೇಮದಾಸ ಅವರೇ ‘ಹೊರಡಿ’ ಎಂದರು. ಜಾಫ್ನಾ ಆಸ್ಪತ್ರೆಯಲ್ಲಿ 1987ರ ಅಕ್ಟೋಬರ್ 21ರಂದು ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದರು. ಅದನ್ನು ಮುಚ್ಚಿಟ್ಟು ಗೌರವ ಸಲ್ಲಿಸುವುದು ಸರಿಯಲ್ಲ. ಆದರೆ ಸೇನೆಯನ್ನು ಅಲ್ಲಿಗೆ ಕಳುಹಿಸಿದ ತೀರ್ಮಾನ ಸಿಪಾಯಿಯದಲ್ಲ ಎಂಬುದನ್ನೂ ನೀವು ಗಮನಿಸಬೇಕು.

1990ರ ಮಾರ್ಚ್ 24ರಂದು ಕೊನೆಯ ತಂಡ ಲಂಕೆಯನ್ನು ಬಿಟ್ಟು ಮದ್ರಾಸಿನತ್ತ ಹೊರಟಿತು. ತಮಿಳರ ಮೇಲೆ ಕೈಮಾಡಿದ ಪಡೆ ಎಂಬ ಕಾರಣಕ್ಕೆ ಅಂದಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಸುಮಾರು 1,200 ಮಂದಿ ಜೀವಂತ ಹಿಂದಿರುಗಲಿಲ್ಲ. 1971ರ ಯೋಧರಿಗೆ ಡಿಸೆಂಬರ್ 16 ಇದೆ, ಕಾರ್ಗಿಲ್‌ನವರಿಗೆ ಜುಲೈ 26 ಇದೆ. ಲಂಕೆಗೆ ಹೋದವರಿಗೆ ನಾಡೆಲ್ಲ ಅರಿತ ಅಂಥ ದಿನವಿಲ್ಲ. ವಿಚಿತ್ರವೆಂದರೆ, ಅವರಿಗಾಗಿಯೇ ಮೀಸಲಾದ ದೊಡ್ಡ ಸ್ಮಾರಕ ಎದ್ದದ್ದು ಶ್ರೀಲಂಕಾದಲ್ಲಿ, ಸಂಸತ್ತಿರುವ ಶ್ರೀ ಜಯವರ್ಧನಪುರ ಕೋಟ್ಟೆಯಲ್ಲಿ! ಪ್ರಧಾನಿ ನರೇಂದ್ರ ಮೋದಿ 2015ರಲ್ಲಿ ಅಲ್ಲಿ ಪುಷ್ಪಗುಚ್ಛವಿಟ್ಟರು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರ ಫೆಬ್ರವರಿ 25ರಂದು.

ನಮ್ಮ ಹಳ್ಳಿಗಳ ಹಳೆಯ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಅರಸನ ಯುದ್ಧ ಸರಿಯೇ ತಪ್ಪೇ ಎಂಬ ಚರ್ಚೆ ಆ ಕಲ್ಲಿನಲ್ಲಿಲ್ಲ. ತುರು ಕಾದು ಸತ್ತವನಿಗೂ ಕಲ್ಲು, ಸೋತ ಪಕ್ಷದವನಿಗೂ ಕಲ್ಲು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಆತಕೂರಿನಲ್ಲಿ 10ನೆಯ ಶತಮಾನದಲ್ಲೇ ಕಲ್ಲು ನಿಂತಿತು!

1987ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ಹಡಗು ಹತ್ತಿದವರಿಗೆ ಈಗ ಅರವತ್ತರ ಆಸುಪಾಸು. ನಿಮ್ಮ ಊರಿನಲ್ಲಿ ಮಾಜಿ ಸೈನಿಕರಿದ್ದರೆ, ‘ನೀವು ಲಂಕೆಗೆ ಹೋಗಿದ್ದಿರಾ?’ ಎಂದು ಒಮ್ಮೆ ಕೇಳಿ. ಹೌದೆಂದರೆ, ಮರಳಿದ ದಿನ ರೈಲುನಿಲ್ದಾಣಕ್ಕೆ ಯಾರು ಬಂದಿದ್ದರೆಂದೂ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.