ಮಂಕಾದ ಫರ್ಸಿಗೆ ಮತ್ತ ಹೊಳಪು
ಸೇಡಂ, ಚಿಂಚೋಳಿ ಕಡಿ ಹಳೀ ಮನಿಯೊಳಗ ಶಹಾಬಾದ್ ಫರ್ಸಿ ಮಂಕಾಗ್ಯದೇನ್ರಿ? ಕಿತ್ತಿ ಟೈಲ್ಸ್ ಹಾಕಸೂಕಿಂತ ಮೊದಲ ಜರಾ ತಡೀರಿ.

ಈ ಫರ್ಸಿ ಸುಣ್ಣದಕಲ್ಲು. ಪದರ ಪದರಾಗಿ ಏಳೂ ಕಲ್ಲು, ಅದಕ್ಕ ಮೊದಲ ತಟ್ಟಿ ನೋಡ್ರಿ. ಡಬಡಬ ಅಂದ್ರ ಕೆಳಗ ಟೊಳ್ಳು. ಎಬ್ಬಿಸಿ ಮತ್ತ ಕೂಡಿಸಬೇಕು.

ಸಂದಿಗೆ ಸಿಮೆಂಟ್ ತುಂಬಿ, ಗಟ್ಟಿಯಾದ ಮ್ಯಾಲ ಪಾಲಿಷ್ ಮಷೀನ್. ನೀರು ಬಿಡಕೋತ ತಿಕ್ಕಬೇಕು, ಇಲ್ಲಂದ್ರ ಮನಿತುಂಬ ಧೂಳು. ಮೊದಲ 60 ನಂಬರಿನ ಒರಟು ಕಲ್ಲು, ಆಮ್ಯಾಲ 120, 220, 400. ನಡುವ ಒಂದು ಬಿಟ್ರ ಗೀರು ಉಳದೇ ಉಳೀತಾವ. ತಿಕ್ಕೂವಾಗ ಬರೂ ಬೂದಿಬಣ್ಣದ ರಾಡಿ ಬಚ್ಚಲಿಗೆ ಬಿಡಬ್ಯಾಡ್ರಿ, ಪೈಪ್ ಕಟ್ಟತದ.

ಕನ್ನಡಿಯಂಥ ಹೊಳಪಿನ ಹುಚ್ಚು ಯಾಕ್ರಿ? ಕಾಲು ಜಾರತದ. ಒರಸಾಕ ಆ್ಯಸಿಡ್ ಅಂತೂ ಬ್ಯಾಡೇ ಬ್ಯಾಡ. ನಿಂಬಿಹುಳಿ ಬಿದ್ರೂ ಕಲಿ ಆಗತದ.