ಕೌದಿಗೆ ಯಾವ ಸಾಮಾನು ಬೇಕು? ಯಾವುದು ಬೇಡ?

ಹಳೇ ಸೀರೆ, ಹಳೇ ಧೋತರ, ಹರಿದ ಅಂಗಿ. ಇವನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಇಟ್ಟು ಹೊಲಿದರೆ ಕೌದಿ. ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಕೌದಿ ಹೊಸದೇನಲ್ಲ. ಪಕ್ಕದ ಬೀದರ್, ಕಲಬುರಗಿಯಲ್ಲೂ ಹೊಲೀತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ದೂರದ ದೇಶಗಳಲ್ಲೂ ಹೆಸರಾಗಿದೆ. ಅವರು ಒಂದು ಮೂಲೆಯಿಂದ ಶುರು ಮಾಡ್ತಾರೆ. ಅಂಚು ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸ್ತಾರೆ.

ಇಷ್ಟಕ್ಕೆಲ್ಲ ಬೇಕಾದದ್ದು ಸೂಜಿ, ದಾರ, ಕತ್ತರಿ. ಈಗ ಹೊಸ ಹೊಸ ಸಾಮಾನು ಬಂದಿವೆ. ಕೆಲವು ನೋಡೋಕೆ ಚೆಂದ, ಕೆಲಸಕ್ಕೆ ಬರೋದಿಲ್ಲ. ಕೂಲಿಯ ದುಡ್ಡು ಹಾಕುವ ಮುಂಚೆ ತಿಳಿದುಕೊಳ್ಳೋಣ.

1. ಕೈಯಲ್ಲಿ ಹಿಡಿಯುವ ಹೊಲಿಗೆ ಯಂತ್ರ

ಇದು ಕಾಗದಕ್ಕೆ ಪಿನ್ ಹೊಡೆಯುವ ಸಾಧನದ ಹಾಗೆ ಇರ್ತದೆ. ಮಾರುವವರು ಒಂದು ತೆಳು ಬಟ್ಟೆ ಹೊಲಿದು ತೋರಿಸ್ತಾರೆ. ಆದರೆ ಕೌದಿಯಲ್ಲಿ ನಾಲ್ಕೈದು ಪದರ ಇರ್ತವೆ. ಅಷ್ಟು ದಪ್ಪಕ್ಕೆ ಇದರ ಸೂಜಿ ಇಳಿಯೋದಿಲ್ಲ. ಬಾಗ್ತದೆ, ಇಲ್ಲವೇ ಮುರೀತದೆ.

ಇನ್ನೊಂದು ತೊಂದರೆ ಅದೆ. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಎರಡು ದಾರ. ಒಂದು ಮೇಲಿನದು, ಒಂದು ಕೆಳಗಿನ ಬಾಬಿನ್‌ದು. ಎರಡೂ ಬಟ್ಟೆಯ ನಡುವೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗ್ತವೆ. ಈ ಕೈ ಯಂತ್ರದಲ್ಲಿ ಒಂದೇ ದಾರ. ಅದು ಸರಪಳಿ ಹೊಲಿಗೆ ಹಾಕ್ತದೆ. ಗೊಬ್ಬರದ ಚೀಲದ ಬಾಯಿ ನೆನಪು ಮಾಡಿಕೊಳ್ಳಿ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ತದೆ. ಇದೂ ಹಾಗೇ. ತುದಿಗೆ ಗಂಟು ಬಿಗಿಯಾಗಿ ಹಾಕದಿದ್ದರೆ ಹೊಲಿಗೆ ನಿಲ್ಲೋದಿಲ್ಲ.

2. ಉರುಳುವ ಚಕ್ರದ ಕತ್ತಿ

ದುಂಡನೆಯ ಅಲಗು. ಉರುಳಿಸಿದರೆ ಬಟ್ಟೆ ಕತ್ತರಿಸ್ತದೆ. ಕತ್ತಿ ಒಂದೇ ತಂದರೆ ಸಾಲದು. ಕೆಳಗೆ ಹಾಸಲು ಬೇರೆ ಹಲಗೆ ಬೇಕು. ಬಂಡೆ ನೆಲದ ಮೇಲೆ ಉರುಳಿಸಿದರೆ ಅಲಗು ಬೇಗ ಮೊಂಡಾಗ್ತದೆ. ಮತ್ತೆ ಹೊಸ ಅಲಗಿನ ಖರ್ಚು. ಮಕ್ಕಳ ಕೈಗೆ ಸಿಕ್ಕರೆ ಗಾಯ. ಹತ್ತಿ ಬಟ್ಟೆಗೆ ಅಂಚಿನಲ್ಲಿ ಸ್ವಲ್ಪ ಕತ್ತರಿ ಹಾಕಿ ಕೈಯಿಂದ ಹರಿಯಿರಿ. ನೂಲಿನ ಗುಂಟ ನೆಟ್ಟಗೆ ಹರೀತದೆ.

3. ಗುರುತು ಹಾಕುವ ಪೆನ್ನು

ಇದರ ನೀಲಿ ಗೆರೆ ನೀರಿಗೆ ಅಳಿಸಿಹೋಗ್ತದೆ ಅಂತಾರೆ. ಹೌದು. ಆದರೆ ತೊಳೆಯುವ ಮುಂಚೆ ಇಸ್ತ್ರಿ ಮಾಡಿದರೆ ಗೆರೆ ಬಟ್ಟೆಯಲ್ಲೇ ಕೂತುಬಿಡ್ತದೆ. ದರ್ಜಿಯ ಸೀಮೆಸುಣ್ಣ ಅಗ್ಗ. ಜಾಡಿಸಿದರೆ ಹೋಗ್ತದೆ.

4. ದಾರ ಪೋಣಿಸುವ ತಂತಿ

ಇದು ಪೂರ್ತಿ ಕೆಟ್ಟದ್ದಲ್ಲ. ತೆಳು ದಾರಕ್ಕೆ ಸರಿ. ಕೌದಿಯ ದಪ್ಪ ದಾರ ಎಳೆದರೆ ತಂತಿ ಕಿತ್ತುಬರ್ತದೆ. ಕಣ್ಣು ದೊಡ್ಡದಿರುವ ಸೂಜಿ ಕೊಂಡರೆ ಈ ತಂತಿಯೇ ಬೇಡ.

ಇನ್ನೊಂದು ಮಾತು. 40 ವರ್ಷ ದಾಟಿದ ಮೇಲೆ ಬಹಳ ಜನಕ್ಕೆ ಹತ್ತಿರದ ವಸ್ತು ಮಸುಕಾಗಿ ಕಾಣ್ತದೆ. ಆಗ ಬೇಕಾದದ್ದು ಹೊಸ ಸಾಮಾನಲ್ಲ, ಕನ್ನಡಕ. ತೆಲಂಗಾಣ ಸರ್ಕಾರ 2018ರಲ್ಲಿ ಮತ್ತು 2023ರಲ್ಲಿ ‘ಕಂಟಿ ವೆಲುಗು’ ಶಿಬಿರ ನಡೆಸಿ ಕನ್ನಡಕ ಕೊಟ್ಟಿತ್ತು. ಆಗ ತಪ್ಪಿಸಿಕೊಂಡವರು ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಳ್ಳಿ. ಸೂಜಿಗೂ ಅನುಕೂಲ, ಅಕ್ಷರಕ್ಕೂ ಅನುಕೂಲ.

ಕೇಳಿ ಕೊಳ್ಳಿ

ಶಿವರಾತ್ರಿಗೆ ಕೇತಕಿ ಸಂಗಮೇಶ್ವರನ ಜಾತ್ರೆ ಇರಲಿ, ಊರ ಸಂತೆ ಇರಲಿ, ಹೀಗೆ ಕೇಳಬೇಕು:

“ಅಕ್ಕಾ, ಗುಂಡಿ ಒತ್ತಿದ್ರ ಸಾಕು ನೋಡ್ರಿ, ತಾನೇ ಹೊಲೀತದ.”

“ಕೌದಿ ಹೊಲೀತದೇನು ತಮ್ಮಾ?”

“ಏನ್ ಬೇಕಾದ್ದು ಹೊಲೀತದ.”

“ಹಂಗಾದ್ರ ಈ ಸೀರಿ ನಾಲ್ಕು ಮಡಿಕಿ ಮಾಡ್ತೀನಿ. ಹೊಲ್ದು ತೋರ್ಸು.”

ತೋರಿಸದಿದ್ದರೆ ಕೊಳ್ಳಬೇಡಿ. ತೋರಿಸಿದರೂ ದಾರದ ತುದಿ ಎಳೆದು ನೋಡಿ.

ಓದಿ ಕೊಳ್ಳಿ

ಈಗ ನಿಮಗೆ ಓದೋಕೆ ಬರ್ತದೆ. ಡಬ್ಬಿ ತಿರುಗಿಸಿ. ಗರಿಷ್ಠ ಬೆಲೆ, ತಯಾರಿಸಿದವರ ಹೆಸರು, ವಿಳಾಸ, ದೂರು ಹೇಳುವ ಫೋನ್ ನಂಬರು ಇದೆಯೇ ನೋಡಿ. ಗರಿಷ್ಠ ಬೆಲೆಗಿಂತ ಹೆಚ್ಚು ಕೊಡಬೇಡಿ. ಮೊಬೈಲಿನಲ್ಲಿ ತರಿಸುವಾಗ ಎಷ್ಟು ದಿನದೊಳಗೆ ವಾಪಸ್ ಕೊಡಬಹುದು ಅಂತ ಮೊದಲೇ ಓದಿ. ರಸೀದಿ ಕೇಳಿ ಪಡೆಯಿರಿ. ಅದನ್ನು ಎಸೆಯಬೇಡಿ.

ಮೋಸ ಆದರೆ 1915ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಗ್ರಾಹಕ ಸಹಾಯವಾಣಿ. ದುಡ್ಡು ಬೀಳೋದಿಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಸಾಮಾನಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ.

ಯಾವುದಕ್ಕೆ ದುಡ್ಡು ಹಾಕಬೇಕು?

ತುಕ್ಕು ಹಿಡಿಯದ ಒಳ್ಳೆ ಸೂಜಿ. ಗಟ್ಟಿ ಹತ್ತಿ ದಾರ. ಬಟ್ಟೆಗೆ ಅಂತಲೇ ಬೇರೆ ಇಟ್ಟ ಕತ್ತರಿ. ಬೆರಳ ತುದಿಗೆ ಹಾಕುವ ಲೋಹದ ಟೋಪಿ. ಇಷ್ಟಿದ್ದರೆ ಕೌದಿ ಆಗ್ತದೆ. ಉಳಿದ ದುಡ್ಡು ಮನೆಗೆ ಆಗ್ತದೆ.

ಓದಿ, ಉತ್ತರ ಹೇಳಿ

1. ಕೈ ಯಂತ್ರದ ಹೊಲಿಗೆ ಯಾಕೆ ಬಿಚ್ಚಿಕೊಳ್ತದೆ?
2. ಡಬ್ಬಿಯ ಮೇಲೆ ಏನೇನು ಓದಬೇಕು?
3. ಗ್ರಾಹಕ ಸಹಾಯವಾಣಿ ನಂಬರು ಎಷ್ಟು? ನಿಮ್ಮ ಪುಸ್ತಕದಲ್ಲಿ ಬರೆದಿಡಿ.